ಹಕ್ಕಿಗೆ ವಾಸನೆ ಗೊತ್ತಾಗಲ್ಲ ಅಂದವರು ಯಾರು? (ಹಿಮದ ಕಡಲಿನ ಕಥೆಗಳು, ಭಾಗ 5)

ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರ. ಮರ ಇಲ್ಲ, ಗುಡ್ಡ ಇಲ್ಲ, ಬರೀ ನೀರು ಮತ್ತು ಗಾಳಿ. ಇಲ್ಲಿ ಪೆಟ್ರೆಲ್ ಹಕ್ಕಿಗಳು ಊಟಕ್ಕಾಗಿ ನೂರಾರು ಕಿಲೋಮೀಟರ್ ಹಾರುತ್ತವೆ. ಮೀನು, ಸ್ಕ್ವಿಡ್, ಜೊತೆಗೆ ಕ್ರಿಲ್: ಸೀಗಡಿ ಥರದ, ಬೆರಳುದ್ದದ ಜೀವಿ. ಇಷ್ಟು ದೊಡ್ಡ ಕಡಲಲ್ಲಿ ಅದು ಸಿಗೋದು ಹೇಗೆ?

ಕಣ್ಣಿಂದ, ಮತ್ತೇನು ಅಂತ ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1820ರ ದಶಕದಲ್ಲಿ ಜಾನ್ ಜೇಮ್ಸ್ ಆಡುಬಾನ್ ರಣಹದ್ದುಗಳ ಮೇಲೆ ಪ್ರಯೋಗ ಮಾಡಿ, ಅವು ವಾಸನೆ ಹಿಡಿದು ಆಹಾರ ಹುಡುಕಲ್ಲ ಅಂದ. ಆ ಮಾತು ಬೆಳೆದು ಎಲ್ಲ ಹಕ್ಕಿಗಳ ತಲೆಗೂ ಅಂಟಿತು, ಪಠ್ಯಪುಸ್ತಕಕ್ಕೂ ಸೇರಿತು. ಆದ್ರೆ ತಿಮಿಂಗಿಲ ಬೇಟೆಗಾರರು ಕಂಡಿದ್ದೇ ಬೇರೆ: ಕೊಬ್ಬು ನೀರಿಗೆ ಬಿದ್ದರೆ ಸಾಕು, ಎಲ್ಲಿಂದಲೋ ಈ ಹಕ್ಕಿಗಳು ಹಾಜರ್!

ಪಠ್ಯವನ್ನು ಪ್ರಶ್ನಿಸಿದವರು ಬೆಟ್ಸಿ ಬ್ಯಾಂಗ್. ವೃತ್ತಿಯಲ್ಲಿ ವೈದ್ಯಕೀಯ ಚಿತ್ರಗಾರ್ತಿ. ಹಕ್ಕಿಗಳ ಮೂಗಿನ ಒಳರಚನೆ ಬಿಡಿಸುತ್ತಾ ಬಿಡಿಸುತ್ತಾ ಅವರಿಗೆ ಅನುಮಾನ ಬಂತು: ಉಪಯೋಗವೇ ಇಲ್ಲದಿದ್ದರೆ ಇಷ್ಟು ದೊಡ್ಡ ಮೂಗು ಯಾಕೆ? 1968ರಲ್ಲಿ ಅವರು ಮತ್ತು ಸ್ಟ್ಯಾನ್ಲಿ ಕಾಬ್ 108 ಜಾತಿಗಳ ಮೆದುಳಿನ ಅಳತೆ ಪ್ರಕಟಿಸಿದರು. ವಾಸನೆ ಗ್ರಹಿಸುವ ಭಾಗ ಹೋಲಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದಿದ್ದದ್ದು ಅಂಟಾರ್ಕ್ಟಿಕಾದ ಸ್ನೋ ಪೆಟ್ರೆಲ್‌ಗೆ!

ಸರಿ, ಮೂಗಿದೆ. ಆದ್ರೆ ಕಡಲಲ್ಲಿ ಯಾವ ವಾಸನೆ? ಗೇಬ್ರಿಯೆಲ್ ನೆವಿಟ್ ಇದರ ಬೆನ್ನು ಹತ್ತಿದರು. ಸಂಶೋಧನಾ ಹಡಗಿನಲ್ಲಿ ಬಿರುಗಾಳಿಗೆ ಸಿಕ್ಕು ಬಿದ್ದು, ಕಿಡ್ನಿಗೆ ಪೆಟ್ಟಾಗಿ ಮಲಗಿದ್ದಾಗ, ವಾತಾವರಣ ವಿಜ್ಞಾನಿ ಟಿಮ್ ಬೇಟ್ಸ್ ಅವರಿಂದ ಒಂದು ಅನಿಲದ ಬಗ್ಗೆ ಕೇಳಿದರು. ಡೈಮೀಥೈಲ್ ಸಲ್ಫೈಡ್. ಮಲ್ಪೆ ಬೀಚಲ್ಲಿ ನಮ್ಮ ಮೂಗಿಗೆ ಬರುವ ಕಡಲ ವಾಸನೆಯಲ್ಲೂ ಇದರ ಪಾಲಿದೆ. ಕ್ರಿಲ್‌ಗಳು ಸೂಕ್ಷ್ಮ ಪಾಚಿಯನ್ನು ಮೇಯುವಾಗ ಇದು ಹೆಚ್ಚು ಹೊಮ್ಮುತ್ತೆ. ಅಂದ್ರೆ ಇದು ಕ್ರಿಲ್‌ನ ವಾಸನೆ ಅಲ್ಲ, ಕ್ರಿಲ್ ಊಟ ಮಾಡ್ತಿರೋ ಜಾಗದ ವಾಸನೆ!

ನೆವಿಟ್ ಮತ್ತು ಸಂಗಡಿಗರು ಈ ವಾಸನೆ ಬೆರೆಸಿದ ಎಣ್ಣೆಯನ್ನು ಕಡಲ ಮೇಲೆ ಹರಡಿ ನೋಡಿದರು. ಕೆಲವು ಪೆಟ್ರೆಲ್ ಜಾತಿಗಳು ಬರೀ ಎಣ್ಣೆಗಿಂತ ಇದರತ್ತ ಹೆಚ್ಚಾಗಿ ಬಂದವು. 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯ್ತು. ಎಲ್ಲ ಹಕ್ಕಿಗಳೂ ಹೀಗೇ ಅಲ್ಲ. ಕೆಲವು, ಬೇರೆ ಹಕ್ಕಿಗಳು ಮುಗಿಬಿದ್ದದ್ದನ್ನು ಕಣ್ಣಲ್ಲೇ ನೋಡಿ ಬರುತ್ತವೆ.

ಈಗ ಬೇಜಾರಿನ ವಿಷಯ. 2016ರಲ್ಲಿ ನೆವಿಟ್ ಅವರೂ ಇದ್ದ ತಂಡ ಕ್ಯಾಲಿಫೋರ್ನಿಯಾ ಕಡಲಲ್ಲಿ ಪ್ಲಾಸ್ಟಿಕ್ ಮಣಿಗಳನ್ನು ಇಟ್ಟು ನೋಡಿತು. ಒಂದು ತಿಂಗಳೊಳಗೇ ಅವುಗಳಿಗೆ ಅದೇ ವಾಸನೆ ಹತ್ತಿತ್ತು. ಲಕ್ಷಾಂತರ ವರ್ಷ ಊಟದ ದಾರಿ ತೋರಿಸಿದ ವಾಸನೆ ಈಗ ನಮ್ಮ ಕಸದ ಕಡೆಗೂ ಕರೆಯಬಹುದು.

ಹಕ್ಕಿಗೆ ಮೂಗಿದೆ ಅಂತ ಒಪ್ಪೋಕೆ ನಮಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು. ಅದನ್ನ ದಾರಿ ತಪ್ಪಿಸೋಕೆ ಅಷ್ಟು ದಿನ ಬೇಕಾಗಲಿಲ್ಲ.

ಪಠ್ಯಪುಸ್ತಕದ ಯಾವ ಮಾತಿನ ಮೇಲೆ ನಿಮಗೆ ಅನುಮಾನ ಬಂದಿದೆ? ಕಾಮೆಂಟಲ್ಲಿ ಹೇಳಿ.

#ಹಿಮದಕಡಲಿನಕಥೆಗಳು #ವಿಜ್ಞಾನದಇತಿಹಾಸ