ನಿಲುವು ಮತ್ತು ನಿರ್ಮಮತೆ: ವೇಣೂರು–ಮೂಡುಬಿದಿರೆ ಸೀಮೆಯ ಕಾಯೋತ್ಸರ್ಗ ಪರಂಪರೆ ಹಾಗೂ ಇಂದಿನ ಯೋಗಾಭ್ಯಾಸ

1. ಪ್ರಸ್ತಾವನೆ

ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆಗಳವರೆಗಿನ ಸೀಮೆಯಲ್ಲಿ ಯೋಗಶಿಕ್ಷಣಕ್ಕೆ ಇಂದು ಗಟ್ಟಿಯಾದ ನೆಲೆಯಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು, ಧರ್ಮಸ್ಥಳದ ಶಾಂತಿವನ, ಮೂಡುಬಿದಿರೆಯ ಆಳ್ವಾಸ್ ಪ್ರಕೃತಿ ಚಿಕಿತ್ಸಾ ಕಾಲೇಜು ಇವು ಎಲ್ಲರಿಗೂ ಪರಿಚಿತ. ಆದರೆ ಇದೇ ಸೀಮೆಯಲ್ಲಿ ಅವುಗಳಿಗಿಂತ ಬಹು ಹಿಂದಿನಿಂದ ಬಂದ ಇನ್ನೊಂದು ಸಾಧನಾಕ್ರಮವಿದೆ. ಅದು ಜೈನರ ಕಾಯೋತ್ಸರ್ಗ. ದೇಹದ ಮೇಲಿನ ಮಮಕಾರವನ್ನು ಬಿಟ್ಟು ಅಲುಗದೆ ನಿಲ್ಲುವ ಈ ಕ್ರಮದಲ್ಲಿ ತಂತ್ರವೂ ತತ್ತ್ವವೂ ಒಂದೇ ಕ್ರಿಯೆಯ ಎರಡು ಮುಖಗಳಾಗಿವೆ. ಯೋಗಾಭ್ಯಾಸವನ್ನು ಭದ್ರವಾಗಿ ಕಟ್ಟಿಕೊಳ್ಳಬಯಸುವವರಿಗೆ ಇದು ಕೈಗೆಟಕುವ ಮಾದರಿ ಎಂಬುದು ಈ ಲೇಖನದ ಪ್ರತಿಪಾದನೆ.

2. ಶಿಲೆಯಲ್ಲಿರುವ ಆಕರ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಅಜಿಲ ಅರಸ ತಿಮ್ಮಣ್ಣನು 1604ರಲ್ಲಿ ಸುಮಾರು 35 ಅಡಿ ಎತ್ತರದ ಏಕಶಿಲಾ ಗೊಮ್ಮಟನನ್ನು (ಬಾಹುಬಲಿಯನ್ನು) ಸ್ಥಾಪಿಸಿದನು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿ 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡಿತು. ಎರಡೂ ಕಾಯೋತ್ಸರ್ಗ ಭಂಗಿಯ ಮೂರ್ತಿಗಳು. ಭಕ್ತರು ಕೈಮುಗಿಯುವ ಈ ಮೂರ್ತಿಗಳನ್ನು ಯೋಗದ ವಿದ್ಯಾರ್ಥಿ ಪಾಠವಾಗಿಯೂ ಓದಬಹುದು: ನೆಲಕ್ಕೆ ಸಮವಾಗಿ ಊರಿದ ಪಾದಗಳು, ಇಳಿಬಿಟ್ಟ ತೋಳುಗಳು, ನೆಟ್ಟಗಿದ್ದೂ ಬಿಗಿಯದ ಕತ್ತು.

3. ತಂತ್ರ: ಮೂವತ್ತೆರಡು ದೋಷಗಳ ಪಟ್ಟಿ

ಈ ಭಂಗಿಯ ನಿಯಮಗಳು ವಟ್ಟಕೇರನ ಹೆಸರಿನಲ್ಲಿರುವ ಪ್ರಾಕೃತ ಗ್ರಂಥ ‘ಮೂಲಾಚಾರ’ದಲ್ಲಿವೆ. ದಿಗಂಬರ ಮುನಿಗಳ ಆರು ಆವಶ್ಯಕ ಕರ್ಮಗಳಲ್ಲಿ ಕಾಯೋತ್ಸರ್ಗವೂ ಒಂದು. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿರಬೇಕು, ತೋಳುಗಳು ಜೋತುಬಿದ್ದಿರಬೇಕು, ಅಂಗಾಂಗಗಳು ನಿಶ್ಚಲವಾಗಿರಬೇಕು. ಬಿ.ಕೆ.ಎಸ್. ಅಯ್ಯಂಗಾರರು 1966ರ ತಮ್ಮ ಗ್ರಂಥದಲ್ಲಿ ತಾಡಾಸನಕ್ಕೆ ಹಿಮ್ಮಡಿ, ಹೆಬ್ಬೆರಳುಗಳನ್ನು ಜೋಡಿಸಲು ಹೇಳುತ್ತಾರೆ. ನಾಲ್ಕು ಅಂಗುಲದ ಅಂತರ ಅದಕ್ಕಿಂತ ಅಗಲವಾದ ಆಧಾರ. ಬಹುಹೊತ್ತು ನಿಲ್ಲಬೇಕಾದ ಸಾಧಕನಿಗೆ ಅದರಿಂದ ತೂಗಾಟ ಕಡಿಮೆ.

ಇನ್ನೂ ಗಮನಾರ್ಹವಾದುದು ದೋಷಗಳ ಪಟ್ಟಿ. ಕುದುರೆಯಂತೆ ಒಂದು ಕಾಲನ್ನು ಸಡಿಲಿಸಿ ನಿಲ್ಲುವುದು ಘೋಟಕ ದೋಷ. ಬಳ್ಳಿಯಂತೆ ತೂಗಾಡುವುದು ಲತಾದೋಷ. ಕಂಬಕ್ಕೋ ಗೋಡೆಗೋ ಒರಗುವುದು ಸ್ತಂಭ, ಕುಡ್ಯ ದೋಷಗಳು. ಕಾಗೆಯಂತೆ ಅತ್ತಿತ್ತ ನೋಡುವುದು, ಕಡಿವಾಣ ಕಚ್ಚಿದ ಕುದುರೆಯಂತೆ ಹಲ್ಲು ಮಸೆಯುವುದು, ನೊಗ ಹೊತ್ತ ಎತ್ತಿನಂತೆ ಕತ್ತು ಚಾಚುವುದು, ಬೇಲದ ಹಣ್ಣು ಹಿಡಿದಂತೆ ಮುಷ್ಟಿ ಬಿಗಿಯುವುದು — ಹೀಗೆ ಒಟ್ಟು ಮೂವತ್ತೆರಡು. ಶಿಬಿರದಲ್ಲಿ ಕಲಿಸುವ ಶಿಕ್ಷಕರು ದಿನವೂ ತಿದ್ದುವ ತಪ್ಪುಗಳೇ ಇವು. ಬಿಗಿದ ದವಡೆ, ಮುಂದೆ ಚಾಚಿದ ಕತ್ತು, ಒಂದೇ ಕಾಲಿಗೆ ಬಿದ್ದ ಭಾರ ಇವೆಲ್ಲ ಮನಸ್ಸಿನ ಅವಸರ ದೇಹದಲ್ಲಿ ತೋರುವ ಬಗೆಗಳೆನ್ನಬಹುದು.

ಉಸಿರಿಗೂ ಲೆಕ್ಕವಿದೆ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು: ಅರಿಹಂತರ ವಂದನೆಗೆ ಒಳಗೆ, ಸಿದ್ಧರ ವಂದನೆಗೆ ಹೊರಗೆ, ಎರಡನೆಯ ಉಸಿರಿನಲ್ಲಿ ಆಚಾರ್ಯರು, ಉಪಾಧ್ಯಾಯರು, ಮೂರನೆಯದರಲ್ಲಿ ಲೋಕದ ಸಕಲ ಸಾಧುಗಳು. ಒಂಬತ್ತು ಜಪಕ್ಕೆ 27 ಉಸಿರು. ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಉಸಿರಾಡುವವರಿಗೆ ಇದು ಎರಡು ನಿಮಿಷದ ಅಭ್ಯಾಸ. ಉಸಿರು ನಿಧಾನವಾದಂತೆ ಅವಧಿ ತಾನಾಗಿ ಬೆಳೆಯುತ್ತದೆ. ಹೊಸಬರಿಗೆ ಇದಕ್ಕಿಂತ ಸುರಕ್ಷಿತವಾದ ಆರಂಭ ಅಪರೂಪ.

4. ತತ್ತ್ವ: ನಿಲುವು ಸಾಲದಾದಾಗ

ಪತಂಜಲಿಯ ಯೋಗಸೂತ್ರದಲ್ಲಿ ಆಸನದ ವಿಚಾರ ಬರುವುದು ಮೂರೇ ಸೂತ್ರಗಳಲ್ಲಿ (2.46–48). ಅದಕ್ಕೂ ಮುಂಚೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಐದು ಯಮಗಳಿವೆ. ಜೈನರ ಪಂಚವ್ರತಗಳೂ ಇವೇ. ಎರಡು ದರ್ಶನಗಳ ಆತ್ಮವಿಚಾರ ಬೇರೆಯಾದರೂ ನಡತೆಯ ಅಡಿಪಾಯ ಒಂದೇ ಆಗಿರುವುದು ಆಕಸ್ಮಿಕವಲ್ಲ.

ಆ ಅಡಿಪಾಯ ಏಕೆ ಬೇಕೆಂಬುದನ್ನು ಬಾಹುಬಲಿಯ ಕಥೆಯೇ ಹೇಳುತ್ತದೆ. ವರ್ಷಪೂರ್ತಿ ನಿಂತರೂ, ಬಳ್ಳಿ ಮೈಗೆ ಹಬ್ಬಿದರೂ ಅವನಿಗೆ ಕೇವಲಜ್ಞಾನ (ಪರಿಪೂರ್ಣ ಅರಿವು) ಒದಗಲಿಲ್ಲ. ಅಣ್ಣ ಭರತನಿಗೆ ತನ್ನಿಂದ ನೋವಾಯಿತೆಂಬ ಕೊರಗು ಉಳಿದಿತ್ತೆಂದು ಒಂದು ಕಥನ. ಅಣ್ಣನ ನೆಲದಲ್ಲಿ ನಿಂತಿದ್ದೇನೆಂಬ ಅಭಿಮಾನ ಚುಚ್ಚುತ್ತಿತ್ತೆಂದು ಇನ್ನೊಂದು. ಭಂಗಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಬಿಡುವುದರಲ್ಲಿ. ಭರತನೇ ಬಂದು ವಂದಿಸಿದಾಗ ಮನಸ್ಸಿನ ಆ ಮುಳ್ಳು ಕಳಚಿತು.

16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ತನ್ನ ‘ಭರತೇಶ ವೈಭವ’ದಲ್ಲಿ ಮತ್ತೊಂದು ಮಗ್ಗುಲನ್ನು ತೋರಿಸಿದನು. ಸಾಂಗತ್ಯದಲ್ಲಿ ಹಾಡಿದ ಆ ಕಾವ್ಯದ ಭರತ ಒಡ್ಡೋಲಗ, ಸಂಸಾರ, ಸುಖಗಳ ನಡುವೆಯೇ ಆತ್ಮಧ್ಯಾನಕ್ಕೆ ತೊಡಗುವ ಚಕ್ರವರ್ತಿ. ಗೃಹಸ್ಥನಿಗೂ ಯೋಗ ದಕ್ಕುತ್ತದೆಂಬ ಈ ನಿಲುವು ಇಂದಿನ ಅಭ್ಯಾಸಿಗೆ ಬಲು ಮುಖ್ಯ, ಏಕೆಂದರೆ ಶಿಬಿರಗಳಿಗೆ ಬರುವವರಲ್ಲಿ ಬಹುಪಾಲು ಗೃಹಸ್ಥರೇ.

5. ಉಪಸಂಹಾರ

ಮೂರು ನಿರ್ಣಯಗಳು ಇಲ್ಲಿಂದ ಹೊರಡುತ್ತವೆ. ಅಭ್ಯಾಸ ಸರಳವಾದ ನಿಲುವಿನಿಂದ, ಎಣಿಸಿದ ಉಸಿರಿನಿಂದ ಮೊದಲಾಗಬೇಕು. ಶಿಕ್ಷಕರು ದೋಷವನ್ನು ತಿದ್ದುವಾಗ ಅದರ ಹಿಂದಿನ ಮನೋಭಾವವನ್ನೂ ತಿಳಿಸಿಕೊಡಬೇಕು. ಯಮ-ವ್ರತಗಳು ಗೋಡೆಯ ಫಲಕದಲ್ಲಿ ಉಳಿಯದೆ ಮಾತು, ಊಟ, ವ್ಯವಹಾರಗಳಲ್ಲಿ ದಿನವೂ ಪರೀಕ್ಷೆಗೊಳಗಾಗಬೇಕು. ಉಜಿರೆ, ಮೂಡುಬಿದಿರೆಗಳ ಯೋಗ ವಿದ್ಯಾರ್ಥಿಗಳು ಮೂಲಾಚಾರದ ಷಡಾವಶ್ಯಕ ಪ್ರಕರಣವನ್ನು ಯೋಗಸೂತ್ರದ ಪಕ್ಕದಲ್ಲಿಟ್ಟು ಓದಲಿ; ಓದಿದ ಮೇಲೆ ಒಮ್ಮೆ ವೇಣೂರಿಗೆ ಹೋಗಿ ಗೊಮ್ಮಟನೆದುರು 27 ಉಸಿರು ನಿಂತು ನೋಡಲಿ.