ಟೀಚರಮ್ಮನ ಉಲ್ಲನ್ ಚೆಂಡು

ಮಗಳನ್ನು ಪ್ರೀಸ್ಕೂಲಿಗೆ ಸೇರಿಸೋಕೆ ಅಂತ ಬೆಂಗಳೂರಿನ ಒಂದು ಶಾಲೆಗೆ ಹೋಗಿದ್ದೆ. ಅವರು ಹೇಳಿದ ಒಂದು ವರ್ಷದ ಫೀಸಿನಲ್ಲಿ ನನ್ನ ನಾಲ್ಕು ವರ್ಷದ ಬಿಇ ಮುಗಿದು ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಬ್ರೋಷರ್ ತುಂಬ ‘ಆಟದ ಮೂಲಕ ಕಲಿಕೆ’, ‘ಮಗುವೇ ಕೇಂದ್ರ’ ಅನ್ನೋ ಮಾತುಗಳು. ಮೇಜಿನ ಮೇಲೆ ಬಣ್ಣಬಣ್ಣದ ಉಲ್ಲನ್ ಚೆಂಡುಗಳಿದ್ದ ಒಂದು ಮರದ ಪೆಟ್ಟಿಗೆ. ಅದನ್ನು ನೋಡಿದ ಕೂಡಲೇ ನಾನು ಕಮಲಾಪುರಕ್ಕೆ ಹೋಗಿಬಿಟ್ಟೆ.

ಕಮಲಾಪುರ ಅಂದ್ರೆ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗೋ ಊರು. ಕೆಂಪು ಬಾಳೆಹಣ್ಣಿಗೆ ಹೆಸರುವಾಸಿ, ಜಿಐ ಟ್ಯಾಗ್ ಕೂಡ ಇದೆ. ಅಲ್ಲಿ ಚರ್ಚಿನವರು ನಡೆಸುತ್ತಿದ್ದ ಒಂದು ಶೀಟಿನ ಕೋಣೆಯ ಶಿಶುವಿಹಾರದಲ್ಲಿ ನಾನು ಎರಡು ವರ್ಷ ಕೂತಿದ್ದೆ. ಟೀಚರಮ್ಮ ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಚೀಲದಲ್ಲಿ ಹಳೇ ಸ್ವೆಟರ್ ಬಿಚ್ಚಿ ಸುತ್ತಿದ ಆರು ಚೆಂಡುಗಳು ಇರುತ್ತಿದ್ದವು. ಬಣ್ಣ, ಎಣಿಕೆ, ಮೇಲೆ-ಕೆಳಗೆ ಎಲ್ಲಾ ಅದರಲ್ಲೇ. ಪಾಪ, ಬಡ ಶಾಲೆ, ಆಟಿಕೆ ಕೊಳ್ಳೋಕೆ ದುಡ್ಡಿಲ್ಲ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

ವಿಷಯ ಬೇರೇನೇ ಇತ್ತು. ಫ್ರೆಡ್ರಿಕ್ ಫ್ರೋಬೆಲ್ ಅನ್ನೋ ಜರ್ಮನ್ ಮೇಷ್ಟ್ರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ, ಮಕ್ಕಳ ತೋಟ. ಮಗುವಿನ ಕೈಗೆ ಆತ ಕೊಟ್ಟ ಮೊದಲ ‘ಉಡುಗೊರೆ’ಯೇ ಆರು ಬಣ್ಣದ ಉಲ್ಲನ್ ಚೆಂಡು! ಇಷ್ಟು ನಿರುಪದ್ರವಿ ಐಡಿಯಾವನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತು. ಮುಂದಿನ ವರ್ಷ ಫ್ರೋಬೆಲ್ ತೀರಿಹೋದ. ನಿಷೇಧ ತೆರವಾಗಿದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಚೆಂಡುಗಳನ್ನು ದೇಶ ದಾಟಿಸಿಯಾಗಿತ್ತು.

ನಮ್ಮ ಸೀಮೆಯ ಹತ್ತಿರಕ್ಕೆ ಅದು ಬಂದದ್ದು ಸೊಲ್ಲಾಪುರದ ಮೂಲಕ. ಅಮೆರಿಕನ್ ಮರಾಠಿ ಮಿಷನ್ನಿನ ಮೇರಿ ಹಾರ್ಡಿಂಗ್ 20ನೇ ಶತಮಾನದ ಶುರುವಿನಲ್ಲಿ ಅಲ್ಲಿ ಕಿಂಡರ್‌ಗಾರ್ಟನ್ ನಡೆಸಿದರು, ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಕಲಬುರಗಿ, ಬೀದರ್, ಯಾದಗಿರಿ ಕಡೆ ಮೆಥಡಿಸ್ಟ್ ಮಿಷನ್ನಿನ ಚರ್ಚು, ಶಾಲೆ, ಆಸ್ಪತ್ರೆಗಳಿದ್ದವು. ಮಿಷನರಿಗಳು ಬಂದಿದ್ದು ಧರ್ಮ ಹೇಳೋಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದ್ರೆ ಹೇಳೋಕೆ ಜನರ ಭಾಷೆ ಬೇಕಿತ್ತಲ್ಲ, ಹಾಗಾಗಿ ಕನ್ನಡ ಕಲಿತರು.

ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಟೀಚರಮ್ಮನ ಅಪ್ಪ ಅಂಥ ಕಾಲದಲ್ಲಿ ಅರ್ಥವಾಗದ ಪಾಠ ಉರುಹೊಡೆದವರು. ಅದಕ್ಕೇ ಇರಬೇಕು, ನಮ್ಮ ಕೋಣೆಯಲ್ಲಿ ಕನ್ನಡ, ದಖನಿ, ತೆಲುಗು, ಲಂಬಾಣಿ ಯಾವ ಮಾತಿಗೂ ‘ತಪ್ಪು’ ಅಂತಿರಲಿಲ್ಲ. ಒಬ್ಬ ನೀರು ಅಂದ್ರೆ ಇನ್ನೊಬ್ಬ ಪಾನಿ ಅಂತಿದ್ದ. ಎರಡನ್ನೂ ಎಲ್ಲರೂ ಹೇಳಬೇಕು, ಆಮೇಲೇ ಲೋಟ ಕೈಗೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಲಬುರಗಿಯಲ್ಲಿ ಅವರ ಮನೆ ಹುಡುಕಿದೆ. ವಯಸ್ಸು ಎಪ್ಪತ್ತು ದಾಟಿದೆ. ನೋಡಿದ ಕೂಡಲೇ, “ನಿಮ್ಮಪ್ಪ ಫೀಸಿನ ಬದ್ಲಿ ಕೆಂಪ್ ಬಾಳಿಹಣ್ಣ ತಂದುಕೊಡ್ತಿದ್ದ, ನೆಪ್ಪದ ನಂಗ” ಅಂದ್ರು. ಚೆಂಡಿನ ಬಗ್ಗೆ ಕೇಳಿದೆ. “ಸೊಲ್ಲಾಪುರದಾಗ ಟ್ರೇನಿಂಗ್ ಮಾಡಿದ್ವೆಲ್ಲ, ಅಲ್ಲಿ ಕಲ್ತಿದ್ದು. ಅಂಗಡ್ಯಾಗ ಸಿಗ್ತಿದ್ದಿಲ್ಲ, ನಾವೇ ಸುತ್ತಿದ್ವಿ.” ನಾನು ಬಡತನ ಅಂದುಕೊಂಡಿದ್ದು ವಿದ್ಯೆಯಾಗಿತ್ತು.

ಸಂಬಳದ ಮಾತು ಬಂತು. ಇಪ್ಪತ್ತೆಂಟು ವರ್ಷ ಕಲಿಸಿದ ಮೇಲೆ ಶಾಲು, ಹಾರ, ಒಂದು ಗಡಿಯಾರ. ಪಿಂಚಣಿ ಇಲ್ಲ. “ಪಗಾರ ಅಂತಿದ್ದಿಲ್ಲಪ್ಪ, ಗೌರವಧನ ಅಂತಿದ್ರು.”

ಆ ಪದ ಕೇಳಿ ಅಂಗನವಾಡಿ ನೆನಪಾಯ್ತು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಐಸಿಡಿಎಸ್ ಯೋಜನೆ ಶುರುವಾದಾಗಿನಿಂದ ಅಂಗನವಾಡಿಯವರಿಗೆ ಸಿಗುವುದೂ ಗೌರವಧನವೇ. ಅವರೂ ಗ್ರಾಚ್ಯುಟಿಗೆ ಅರ್ಹರು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಅಂದ್ರೆ 46 ವರ್ಷಕ್ಕೂ ಹೆಚ್ಚು ಬೇಕಾಯ್ತು. ಚರ್ಚಾಗಲಿ, ಸರ್ಕಾರವಾಗಲಿ, ಚಿಕ್ಕ ಮಕ್ಕಳ ಪಾಠವನ್ನು ಹೆಂಗಸರ ಮಮತೆ ಅಂತ ಲೆಕ್ಕ ಹಾಕಿದ್ದೇ ಹೆಚ್ಚು, ಕೆಲಸ ಅಂತಲ್ಲ. ಮಮತೆಗೆ ಯಾರು ಪಿಎಫ್ ಕಟ್ತಾರೆ? ನಾನೂ ಅದೇ ಸಾಲಿನವನು. ಮೂವತ್ತು ವರ್ಷ ‘ನಮ್ಮ ಟೀಚರಮ್ಮ ಬಂಗಾರದಂಥವರು’ ಅಂತ ಹೇಳಿಕೊಂಡು ತಿರುಗಿದೆ, ಅವರ ಬಸ್ ಚಾರ್ಜು ಯಾರು ಕೊಡುತ್ತಿದ್ದರು ಅಂತ ಒಮ್ಮೆಯೂ ಯೋಚಿಸಲಿಲ್ಲ.

ಹೊರಡುವಾಗ ಮಗಳ ಶಾಲೆಯ ಫೀಸು ಹೇಳಿದೆ. ಟೀಚರಮ್ಮ ಬೆಚ್ಚಿಬೀಳಲಿಲ್ಲ. “ಛಲೋ ಆತು. ಹಂಗಾದ್ರ ಅಲ್ಲಿ ಟೀಚರಿಗೆ ಎಷ್ಟು ಕೊಡ್ತಾರ?” ಅಂದ್ರು.

ನನಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿದೆ. ಸಿಸಿಟಿವಿ ಎಷ್ಟಿದೆ, ಊಟದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಸ್ಲೈಡ್ ಹಾಕಿ ತೋರಿಸಿದವರು ಇದಕ್ಕೆ ಮಾತ್ರ, “ಸರ್, ಅದು ಕಾನ್ಫಿಡೆನ್ಶಿಯಲ್” ಅಂದ್ರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮಗಳ ಟೀಚರ್ ನೆಲ ನೋಡುತ್ತಿದ್ದರು. ಮುಂದಿನ ಮೀಟಿಂಗಿನಲ್ಲೂ ಕೇಳ್ತೀನಿ. ನಿಮ್ಮ ಮಕ್ಕಳ ಶಾಲೆಯಲ್ಲಿ ನೀವೂ ಒಮ್ಮೆ ಕೇಳಿ ನೋಡಿ.