ಅಡಿಯ ಲೆಕ್ಕ, ಟಿಎಂಸಿಯ ಲೆಕ್ಕ: ತುಂಗಭದ್ರಾ ಜಲಾಶಯದ ಮಟ್ಟ ಮತ್ತು ಕೊನೆಭಾಗದ ಊರುಗಳು

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. 1953ರಲ್ಲಿ ಈ ಮಟ್ಟಕ್ಕೆ ಸುಮಾರು 133 ಟಿಎಂಸಿ ನೀರು ನಿಲ್ಲುತ್ತದೆಂದು ಲೆಕ್ಕವಿತ್ತು. ಹೂಳು ತುಂಬಿದ ಮೇಲೆ ನಡೆದ 2008ರ ಸಮೀಕ್ಷೆ 100.855 ಟಿಎಂಸಿ ಎಂದಿತು, 2016ರದು 105.788 ಎಂದಿತು. ಈ ನಡುವೆ ಕಟ್ಟೆ ಎತ್ತರವಾಗಲಿಲ್ಲ, ಹೂಳೂ ತಾನಾಗಿ ಕರಗಲಿಲ್ಲ. ಐದು ಟಿಎಂಸಿಗೆ ಸಮೀಪದ ಈ ಏರಿಕೆಯನ್ನು ಅಳತೆಯ ಅಂತರವೆಂದೇ ತಿಳಿಯಬೇಕು.

ಕುಡಿಯುವ ನೀರಿನ ಪಕ್ಕದಲ್ಲಿಟ್ಟು ನೋಡಿದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ಎರಡೂವರೆ ಲಕ್ಷ ಜನರ ಪಟ್ಟಣಕ್ಕೆ ವರ್ಷಕ್ಕೆ ಬೇಕಾಗುವುದು 0.44 ಟಿಎಂಸಿ. ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸದಲ್ಲಿ ಅಂಥ ಪಟ್ಟಣದ ಹನ್ನೊಂದು ವರ್ಷದ ನೀರು ಅಡಗಿದೆ. ಜಲಾಶಯ ತುಂಬಿದಾಗ ಮಟ್ಟದಲ್ಲಿ ಒಂದು ಅಂಗುಲವೆಂದರೆ ಸರಿಸುಮಾರು ಮೂರನೇ ಒಂದು ಟಿಎಂಸಿ. ಹೀಗಿರುವಾಗ ಡ್ಯಾಂ ತುಂಬಿದೆ ಎಂಬ ಸುದ್ದಿಯಿಂದ ರಾಯಚೂರಿನ ನಲ್ಲಿಯ ಬಗ್ಗೆ ಏನೂ ತಿಳಿಯದು. ಅಲ್ಲಿಯ ನೀರಿನ ಒಂದು ಪಾಲು ಎಡದಂಡೆ ಕಾಲುವೆಯ ಕೊನೆಭಾಗ ತಲುಪಿ ರಾಂಪುರ ಜಲಾಶಯ ಸೇರಬೇಕು. ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂದು ಈ ಸೀಮೆಯ ರೈತರು ಕೇಳುವುದು ಅದಕ್ಕೇ. ನನ್ನ ಮಟ್ಟಿಗೆ ಅವರ ಪ್ರಶ್ನೆಯೇ ಹೆಚ್ಚು ಶಾಸ್ತ್ರೀಯವಾದದ್ದು.

ತೆಲಂಗಾಣದ ಐಜ ಪಟ್ಟಣದ ಸಂಗತಿ ಇನ್ನೂ ಜಟಿಲ. ಮಾನ್ವಿ ಸೀಮೆಯ ರಾಜೋಳಿಬಂಡಾ ಆನೆಕಟ್ಟಿನಿಂದ ಹೊರಡುವ ರಾಜೋಳಿಬಂಡಾ ತಿರುವು ಯೋಜನೆಯ, ಅಂದರೆ ಆರ್‌ಡಿಎಸ್ ಕಾಲುವೆ ಕರ್ನಾಟಕದಲ್ಲಿ 40 ಕಿಲೋಮೀಟರಿಗೂ ಹೆಚ್ಚು ಸಾಗಿ ತೆಲಂಗಾಣ ಸೇರುತ್ತದೆ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಇದಕ್ಕೆ ಕೊಟ್ಟ 17.1 ಟಿಎಂಸಿಯಲ್ಲಿ 1.2 ಕರ್ನಾಟಕದ್ದು, 15.9 ಈಗಿನ ತೆಲಂಗಾಣದ್ದು. ಅಲ್ಲಿಯ ಅಚ್ಚುಕಟ್ಟು 87,500 ಎಕರೆ. ಆದರೆ ಜಲಾಶಯದ ಹಂಚಿಕೆಯಲ್ಲಿ ತೆಲಂಗಾಣದ ಹೆಸರಿಗಿರುವುದು 6.51 ಟಿಎಂಸಿ ಮಾತ್ರ, ಅದೂ ಆಯಾ ವರ್ಷದ ಲಭ್ಯತೆಗೆ ತಕ್ಕಂತೆ ತಗ್ಗುತ್ತದೆ. ಉಳಿದದ್ದು ಡ್ಯಾಂನ ಕೆಳಗೆ ನದಿಯಲ್ಲಿ ಹರಿದು ಬರಬೇಕು. ಜಲಾಶಯದ ಮಟ್ಟವನ್ನು ಎಷ್ಟೇ ನಿಖರವಾಗಿ ಬರೆದರೂ ಆ ನೀರು ಅದರಲ್ಲಿ ಕಾಣದು.

ಹೊಳೆ ಇಳಿದಾಗ ರಾಜೋಳಿಬಂಡಾದಲ್ಲಿ ಆನೆಕಟ್ಟಿನ ನೆತ್ತಿಯ ಮೇಲೆ ಮರಳಿನ ಚೀಲ ಜೋಡಿಸಿ ನೀರನ್ನು ತೂಬಿನತ್ತ ತಿರುಗಿಸುವುದುಂಟು. ಆಧುನೀಕರಣದಲ್ಲಿ ಆನೆಕಟ್ಟನ್ನು 15 ಸೆಂಟಿಮೀಟರ್ ಎತ್ತರಿಸುವ ಯೋಜನೆಗೆ ಆಂಧ್ರದ ಕರ್ನೂಲು ಕಡೆಯಿಂದ ವಿರೋಧ ಬಂತು. ಆರು ಅಂಗುಲಕ್ಕೆ ಇಲ್ಲಿರುವ ಬೆಲೆ ಅಷ್ಟು. ಈ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟದ ಕಾರಣದಿಂದಲೇ ತೆಲಂಗಾಣಕ್ಕೆ ತುಮ್ಮಿಳ್ಳ ಏತ ನೀರಾವರಿ ಬೇಕಾಯಿತು. ಹೀಗೆ ವಿದ್ಯುತ್ ವ್ಯಯಿಸಿ ನದಿಯಿಂದ ಎತ್ತಿದ ನೀರೂ ಬಳಕೆಯ ಲೆಕ್ಕಕ್ಕೆ ಸೇರಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ಕಣ್ಣೂ ಒಂದೇ ಮಟ್ಟದ ಮೇಲಿತ್ತು. ಆ ಎಚ್ಚರ ಕಾಲುವೆಗೂ ಇಳಿಯಬೇಕು: ಡ್ಯಾಂನ ಮಟ್ಟ, ಮೈಲ್ 104ರ ಗೇಜ್, ರಾಜೋಳಿಬಂಡಾ ತೂಬಿನ ಕ್ಯೂಸೆಕ್, ಗಡಿ ದಾಟಿದ ನೀರು, ಇವೆಲ್ಲ ದಿನವೂ ಒಂದೇ ಹಾಳೆಯಲ್ಲಿ, ಕನ್ನಡ ತೆಲುಗು ಎರಡರಲ್ಲೂ ಪ್ರಕಟವಾಗಬೇಕು, ಕುಡಿಯುವ ನೀರಿಗೆ ಅದರಲ್ಲಿ ಬೇರೆಯೇ ಕಾಲಂ ಇರಬೇಕು.